‘ವಂಶವಾಹಿ’: ಒಂದು ಪದ ಮತ್ತು ಅದರ ಹಿಂದಿನ ಚರಿತ್ರೆ

೧

“ತಾಯಿಯಂತೆ ಮಗಳು, ನೂಲಿನಂತೆ ಸೀರೆ” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಇದರಲ್ಲಿ ಎರಡು ಮಾತುಗಳು ಅಡಗಿವೆ. ಸಂತಾನವು ಹೆತ್ತವರನ್ನು ಹೋಲುತ್ತದೆಂಬುದು ಮೊದಲನೆಯದು. ಸೀರೆಯಲ್ಲಿ ನೂಲು ಹಾಸುಹೊಕ್ಕಾಗಿರುವಂತೆ ಆ ಹೋಲಿಕೆಗೆ ಕಾರಣವಾದ ಯಾವುದೋ ಒಂದು ಸೂಕ್ಷ್ಮವಸ್ತು ಒಡಲೊಳಗೆ ಇದೆಯೆಂಬುದು ಎರಡನೆಯದು. ಮೊದಲನೆಯದು ಅನುಭವ, ಎರಡನೆಯದು ಊಹೆ. ಈ ಊಹೆ ಶಾಸ್ತ್ರವಾಗಿ ಬೆಳೆದ ಕಥೆಯೇ ಇಂದು ‘ಜೀನ್’ ಎಂದು ಜಗತ್ತು ಕರೆಯುವ, ‘ವಂಶವಾಹಿ’ ಎಂದು ನಾವು ಕನ್ನಡಿಸಿಕೊಂಡಿರುವ ವಸ್ತುವಿನ ಚರಿತ್ರೆ.

ಪ್ರಕೃತ ಲೇಖನದ ಉದ್ದೇಶ ವಿಜ್ಞಾನದ ಪಾಠವನ್ನು ಹೇಳುವುದಲ್ಲ. ಆ ಕೆಲಸಕ್ಕೆ ಪಠ್ಯಪುಸ್ತಕಗಳಿವೆ. ಈ ಚರಿತ್ರೆಯನ್ನು ನಮಗೆ ಹೇಳುತ್ತ ಬಂದಿರುವ ಬಗೆಯನ್ನು ಪರೀಕ್ಷಿಸುವುದು ಇಲ್ಲಿನ ಉದ್ದೇಶ. ಕಾವ್ಯಕ್ಕೆ ಮಾತ್ರ ವಿಮರ್ಶೆ ಸಲ್ಲುತ್ತದೆ, ಶಾಸ್ತ್ರಕ್ಕೆ ಸಲ್ಲದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಆದರೆ ಶಾಸ್ತ್ರವೂ ಶಬ್ದಗಳಲ್ಲಿಯೇ ನಡೆಯತಕ್ಕದ್ದು. ಅದಕ್ಕೂ ರೂಪಕಗಳಿವೆ, ನಾಯಕರಿದ್ದಾರೆ, ಖಳರಿದ್ದಾರೆ. ರೂಪಕ ತಪ್ಪಿದರೆ ಕಾವ್ಯದಲ್ಲಿ ರಸಭಂಗವಾದೀತು, ಅಷ್ಟೇ. ಶಾಸ್ತ್ರದಲ್ಲಿ ರೂಪಕ ತಪ್ಪಿದಾಗ ಮನುಷ್ಯರ ಬಾಳೇ ಭಂಗವಾದದ್ದುಂಟು. ಆದುದರಿಂದ ಈ ವಿಚಾರ ವಿಜ್ಞಾನಿಗಳಿಗೆ ಮಾತ್ರ ಸೇರಿದ್ದಲ್ಲ.

೨

ಪ್ರಚಲಿತ ಕಥೆ ಮೆಂಡೆಲನಿಂದ ಪ್ರಾರಂಭವಾಗುತ್ತದೆ. ಬ್ರನೋ ನಗರದ ಸೇಂಟ್ ಥಾಮಸ್ ಮಠದ ಸನ್ಯಾಸಿ ಗ್ರೆಗೊರ್ ಮೆಂಡೆಲನು ತೋಟದಲ್ಲಿ ಬಟಾಣಿ ಬೆಳೆಸಿದನು. ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದನು. ಲೋಕ ಅವನನ್ನು ಕಡೆಗಣಿಸಿತು. ೧೮೮೪ರಲ್ಲಿ ಅವನು ತೀರಿಕೊಂಡನು. ೧೯೦೦ರಲ್ಲಿ ಡಿ ವ್ರೀಸ್, ಕೊರೆನ್ಸ್, ಚೆರ್ಮಾಕ್ ಎಂಬ ಮೂವರು ಅವನ ಸಂಶೋಧನೆಯನ್ನು ಪುನಃ ಬೆಳಕಿಗೆ ತಂದರು. ನಮ್ಮ ಸಂತರ ಚರಿತ್ರೆಗಳನ್ನು ಓದಿದವರಿಗೆ ಈ ಧಾಟಿ ಪರಿಚಿತವಾದುದೇ. ಏಕಾಂತ ಸಾಧನೆ, ಲೋಕದ ಅವಜ್ಞೆ, ಮರಣಾನಂತರದ ಮಹಿಮೆ, ಎಲ್ಲವೂ ಇದರಲ್ಲಿವೆ.

ಆದರೆ ಮೆಂಡೆಲನ ಪ್ರಬಂಧವನ್ನೇ ಎದುರಿಗಿಟ್ಟುಕೊಂಡರೆ ಈ ಚಿತ್ರ ಮಸುಕಾಗುತ್ತದೆ. ೧೮೬೫ರ ಫೆಬ್ರವರಿ ೮ ಮತ್ತು ಮಾರ್ಚ್ ೮ರಂದು ಬ್ರನೋದ ನಿಸರ್ಗವಿಜ್ಞಾನ ಸಂಘದಲ್ಲಿ ಓದಲಾದ, ಮರುವರ್ಷ ಅಚ್ಚಾದ ಈ ಪ್ರಬಂಧದ ಶೀರ್ಷಿಕೆಯಲ್ಲಿ ಅನುವಂಶೀಯತೆಯ ಮಾತೇ ಇಲ್ಲ. ಅಲ್ಲಿರುವುದು ಸಸ್ಯಗಳ ಮಿಶ್ರತಳಿಗಳ ಪ್ರಯೋಗದ ಮಾತು. ಮಿಶ್ರತಳಿಯ ಸಂತತಿ ಯಾವ ಕ್ರಮದಲ್ಲಿ ಬೆಳೆಯುತ್ತದೆ, ಅದರಿಂದ ಹೊಸ ಪ್ರಭೇದಗಳು ಸ್ಥಿರಗೊಳ್ಳುತ್ತವೆಯೇ ಎಂಬುದು ಅವನ ಕಾಲದ ತೋಟಗಾರರ ಮತ್ತು ಸಸ್ಯಶಾಸ್ತ್ರಜ್ಞರ ಪ್ರಶ್ನೆ. ಅವನು ಸುಮಾರು ೨೮,೦೦೦ ಗಿಡಗಳನ್ನು ಪರೀಕ್ಷಿಸಿ, ಏಳು ಲಕ್ಷಣಗಳನ್ನು ಆಯ್ದು, ಎಣಿಸಿದನು. ೭,೩೨೪ ಬೀಜಗಳಲ್ಲಿ ೫,೪೭೪ ದುಂಡಗೆ, ೧,೮೫೦ ಸುಕ್ಕಾಗಿ ಬಂದವು, ಮೂರಕ್ಕೊಂದರ ಪ್ರಮಾಣ. ಆದರೆ ಈ ಪ್ರಮಾಣವನ್ನು ಅವನು ಸೂತ್ರದಲ್ಲಿ ಬರೆದ ರೀತಿಯನ್ನು ಗಮನಿಸಬೇಕು. ಇಂದಿನ ವಿದ್ಯಾರ್ಥಿ ಶುದ್ಧತಳಿಗೆ ಎರಡಕ್ಷರ ಬರೆಯುತ್ತಾನೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಮೆಂಡೆಲನು ಅಲ್ಲಿ ಬರೆದದ್ದು ಒಂದೇ ಅಕ್ಷರ. ಪ್ರತಿಯೊಂದು ಲಕ್ಷಣಕ್ಕೂ ಜೀವಕೋಶದಲ್ಲಿ ಒಂದು ಜೋಡಿ ಕಣಗಳಿವೆಯೆಂಬ ಇಂದಿನ ಚಿತ್ರ ಅವನ ಮನಸ್ಸಿನಲ್ಲಿ ಸ್ಪಷ್ಟವಾಗಿತ್ತೆಂದು ಹೇಳಲು ಈ ಸೂತ್ರ ಅಡ್ಡಬರುತ್ತದೆ. ಇತಿಹಾಸಕಾರ ರಾಬರ್ಟ್ ಓಲ್ಬಿ ೧೯೭೯ರಲ್ಲಿ, ಮೆಂಡೆಲನೇ ಮೆಂಡೆಲ್‌ವಾದಿಯಲ್ಲವೋ ಏನೋ ಎಂಬ ಪ್ರಶ್ನೆಯನ್ನು ಎತ್ತಿದ್ದು ಇಂಥ ಕಾರಣಗಳಿಂದಲೇ.

ಕಡೆಗಣನೆಯ ಮಾತನ್ನೂ ತೂಗಿ ನೋಡಬೇಕು. ಆ ಸಂಘದ ನಡಾವಳಿ ಯೂರೋಪಿನ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಹೋಗುತ್ತಿತ್ತು. ೧೮೮೧ರಲ್ಲಿ ಫೋಕ್ ಬರೆದ ಸಸ್ಯಸಂಕರದ ಗ್ರಂಥದಲ್ಲಿ ಮೆಂಡೆಲನ ಉಲ್ಲೇಖವಿದೆ. ಪ್ರಬಂಧ ಕೈಗೆ ಸಿಕ್ಕುವಂತಿತ್ತು. ಅದಕ್ಕೆ ಉತ್ತರವಾಗತಕ್ಕ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ. ೧೯೦೦ರ ಓದುಗರು ಹೊಸ ಪ್ರಶ್ನೆಯನ್ನು ಹಿಡಿದು ಹಳೆಯ ಪ್ರಬಂಧವನ್ನು ಓದಿದರು. ಅದು ಅವರಿಗೆ ಉತ್ತರ ಕೊಟ್ಟಿತು. ಸಾಹಿತ್ಯದಲ್ಲಿಯೂ ಹೀಗಾಗುತ್ತದೆಂಬುದನ್ನು ವಾಚಕರು ಬಲ್ಲರು. ಇದರಿಂದ ಮೆಂಡೆಲನ ಹಿರಿಮೆ ಕುಗ್ಗುವುದಿಲ್ಲ. ಕಣ್ಣಿಗೆ ಕಂಡುದನ್ನು ಮಾತ್ರ ಎಣಿಸಿ, ಕಾಣದುದರ ಬಗ್ಗೆ ಮಿತವಾಗಿ ಮಾತನಾಡಿದ ಅವನ ಸಂಯಮವೇ ಆ ಪ್ರಬಂಧದ ನಿಜವಾದ ಗುಣ. ಸಂತನನ್ನಾಗಿ ಮಾಡಿದವರು ಈ ಗುಣವನ್ನೇ ಮರೆತರು.

೩

ಇನ್ನು ಪದದ ಮಾತು. ೧೮೬೮ರಲ್ಲಿ ಡಾರ್ವಿನನು ದೇಹದ ಪ್ರತಿಯೊಂದು ಭಾಗವೂ ಸೂಕ್ಷ್ಮಕಣಗಳನ್ನು ಸೂಸಿ ಬೀಜಕ್ಕೆ ಕಳುಹಿಸುತ್ತದೆಂದು ಊಹಿಸಿ, ಅದಕ್ಕೆ ‘ಪ್ಯಾಂಜೆನೆಸಿಸ್’ ಎಂದು ಹೆಸರಿಟ್ಟನು. ೧೮೮೯ರಲ್ಲಿ ಡಿ ವ್ರೀಸನು ಅದನ್ನು ತಿದ್ದಿ ‘ಪ್ಯಾಂಜೀನ್’ ಎಂಬ ಕಣವನ್ನು ಕಲ್ಪಿಸಿದನು. ೧೯೦೯ರಲ್ಲಿ ಡೆನ್ಮಾರ್ಕಿನ ವಿಲ್ಹೆಲ್ಮ್ ಯೊಹಾನ್ಸೆನನು ಆ ಪದದ ತಲೆಯನ್ನು ಕತ್ತರಿಸಿ, ‘ಜೀನ್’ ಎಂಬ ಬಾಲವನ್ನು ಮಾತ್ರ ಉಳಿಸಿಕೊಂಡನು. ಈ ಕತ್ತರಿಪ್ರಯೋಗ ಉದ್ದೇಶಪೂರ್ವಕವಾದುದು. ಹಳೆಯ ಪದಕ್ಕೆ ಹಳೆಯ ಊಹೆಗಳು ಅಂಟಿಕೊಂಡಿದ್ದವು. ಅವನಿಗೆ ಯಾವ ಊಹೆಯೂ ಅಂಟದ ಬರಿಯ ಪದವೊಂದು ಬೇಕಾಗಿತ್ತು. ಬೀಜಕೋಶದಲ್ಲಿ ಏನೋ ಇದೆ, ಅದು ಲಕ್ಷಣಗಳನ್ನು ಪ್ರಭಾವಿಸುತ್ತದೆ, ಅದು ಏನೆಂದು ಈಗಲೇ ಹೇಳುವುದು ಬೇಡ ಎಂಬುದು ಅವನ ನಿಲುವು.

ಅದೇ ಗ್ರಂಥದಲ್ಲಿ ಅವನು ಇನ್ನೊಂದು ಭೇದವನ್ನೂ ಕಲ್ಪಿಸಿದನು. ಒಂದೇ ಶುದ್ಧತಳಿಯ ಹುರುಳಿಕಾಯಿ ಬೀಜಗಳಲ್ಲಿ ದೊಡ್ಡವನ್ನು ಆರಿಸಿ ಬಿತ್ತಿದರೂ ಮುಂದಿನ ಬೆಳೆ ದೊಡ್ಡದಾಗಲಿಲ್ಲವೆಂಬುದನ್ನು ಅವನು ಪ್ರಯೋಗದಿಂದ ಕಂಡಿದ್ದನು. ಆದುದರಿಂದ ಕಣ್ಣಿಗೆ ಕಾಣುವ ರೂಪ ಬೇರೆ, ಒಳಗಿನ ಬೀಜಸ್ಥಿತಿ ಬೇರೆ ಎಂದು ಸಾರಿ, ಅವಕ್ಕೆ ‘ಫೀನೋಟೈಪ್’, ‘ಜೀನೋಟೈಪ್’ ಎಂಬ ಹೆಸರುಗಳನ್ನಿತ್ತನು. ರೂಪವನ್ನು ನೋಡಿ ಬೀಜವನ್ನು ನಿರ್ಣಯಿಸಬೇಡಿರಿ ಎಂಬುದೇ ಈ ಭೇದದ ತಾತ್ಪರ್ಯ. ಈ ಒಂದು ಮಾತನ್ನು ಇಪ್ಪತ್ತನೆಯ ಶತಮಾನ ಕಿವಿಗೊಟ್ಟು ಕೇಳಿದ್ದರೆ ಎಷ್ಟೋ ಅನಾಹುತಗಳು ತಪ್ಪುತ್ತಿದ್ದವು.

ಪದ ಬರಿದಾಗಿದ್ದುದರಿಂದ ಶಾಸ್ತ್ರ ಬಡವಾಗಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಮಾರ್ಗನನು ೧೯೧೦ರಲ್ಲಿ ಬಿಳಿಗಣ್ಣಿನ ಹಣ್ಣುನೊಣವನ್ನು ಗುರುತಿಸಿ, ಅದರ ಲಕ್ಷಣ ಲಿಂಗನಿರ್ಣಾಯಕ ವರ್ಣತಂತುವಿನೊಡನೆ ಸಾಗುತ್ತದೆಂದು ತೋರಿಸಿದನು. ಅವನ ಶಿಷ್ಯ ಸ್ಟರ್ಟವಂಟನು ೧೯೧೩ರಲ್ಲಿ ವರ್ಣತಂತುವಿನ ಮೇಲೆ ಜೀನುಗಳ ಸ್ಥಾನಗಳನ್ನು ತೋರಿಸುವ ಮೊದಲ ನಕ್ಷೆಯನ್ನು ಪ್ರಕಟಿಸಿದನು. ಊರಿನ ರೂಪವನ್ನು ಕಾಣದೆ ಊರೂರಿನ ನಡುವಣ ದೂರವನ್ನು ಅಳೆದಂತೆ ಇದು. ೧೯೩೩ರ ನೊಬೆಲ್ ಪಾರಿತೋಷಕವನ್ನು ಪಡೆದ ಮಾರ್ಗನನು ಮರುವರ್ಷ ಮಾಡಿದ ಉಪನ್ಯಾಸದಲ್ಲಿ, ಜೀನು ವಾಸ್ತವ ವಸ್ತುವೋ ಕೇವಲ ಕಲ್ಪನೆಯೋ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲವೆಂದೂ, ತಮ್ಮ ಪ್ರಯೋಗಗಳ ಮಟ್ಟಿಗೆ ಅದರಿಂದ ಯಾವ ವ್ಯತ್ಯಾಸವೂ ಆಗದೆಂದೂ ಹೇಳಿದನು. ತನ್ನ ಶಾಸ್ತ್ರದ ಕೇಂದ್ರಪದದ ಅರ್ಥ ಇನ್ನೂ ತೀರ್ಮಾನವಾಗಿಲ್ಲವೆಂದು ಅತ್ಯುಚ್ಚ ವೇದಿಕೆಯಲ್ಲಿ ಒಪ್ಪಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ?

೪

ಆದರೆ ಬರಿದಾದ ಪದವನ್ನು ತುಂಬುವ ಆತುರ ಎಲ್ಲರಿಗೂ ಇತ್ತು. ಮೆಂಡೆಲನ ಪುನರುದ್ಧಾರವಾದ ಎರಡೇ ವರ್ಷಗಳಲ್ಲಿ, ೧೯೦೨ರಲ್ಲಿ, ಇಂಗ್ಲೆಂಡಿನ ವೆಲ್ಡನನು ಒಂದು ಆಕ್ಷೇಪವನ್ನು ಎತ್ತಿದ್ದನು. ಬಟಾಣಿ ಹಳದಿ ಅಥವಾ ಹಸಿರು ಎಂದು ಎರಡೇ ಬಗೆಯಲ್ಲ. ನಡುವೆ ಎಷ್ಟೋ ಛಾಯೆಗಳಿವೆ. ದುಂಡು ಮತ್ತು ಸುಕ್ಕಿನ ನಡುವೆಯೂ ಹಾಗೆಯೇ ಎಂದು ಬಟಾಣಿಗಳ ಚಿತ್ರಗಳನ್ನೇ ಅಚ್ಚು ಹಾಕಿಸಿ ತೋರಿಸಿದನು. ಬೇಟ್ಸನನು ಅವನಿಗೆ ಉಗ್ರವಾಗಿ ಉತ್ತರ ಕೊಟ್ಟನು. ೧೯೦೬ರಲ್ಲಿ ವೆಲ್ಡನನು ಅಕಾಲಮರಣಕ್ಕೆ ತುತ್ತಾದನು. ವಾದ ಬೇಟ್ಸನನ ಪಕ್ಷಕ್ಕೆ ಒಲಿಯಿತು. ಪಠ್ಯಪುಸ್ತಕಗಳಲ್ಲಿ ಹಳದಿ ಹಳದಿಯಾಗಿಯೂ ಹಸಿರು ಹಸಿರಾಗಿಯೂ ಉಳಿದುವು.

ಇದರ ಫಲ ತೋಟದಲ್ಲಿ ಕಾಣಲಿಲ್ಲ; ನ್ಯಾಯಾಲಯದಲ್ಲಿ ಕಂಡಿತು. ಅಮೆರಿಕದ ಡಾವೆನ್‌ಪೋರ್ಟನು ೧೯೧೦ರಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಸುಪ್ರಜನನದ ದಾಖಲೆಗಳ ಕಚೇರಿಯೊಂದನ್ನು ತೆರೆದು, ಬಟಾಣಿಯ ಲೆಕ್ಕವನ್ನು ಮನುಷ್ಯರ ಮೇಲೆ ಹೂಡಿದನು. ಬಡತನ, ಬುದ್ಧಿಮಾಂದ್ಯ, ಅಲೆಮಾರಿತನ, ಎಲ್ಲಕ್ಕೂ ವಂಶವೇ ಕಾರಣವೆಂದಾಯಿತು. ನೌಕಾಧಿಕಾರಿಗಳ ಕುಟುಂಬಗಳಲ್ಲಿ ಸಮುದ್ರಪ್ರೀತಿಯೂ ಬಟಾಣಿಯ ಸುಕ್ಕಿನಂತೆ ಇಳಿದುಬರುತ್ತದೆಂದು ೧೯೧೯ರಲ್ಲಿ ಅವನು ಬರೆದುದನ್ನು ಓದಿದರೆ ನಗು ಬರುತ್ತದೆ. ೧೯೨೭ರಲ್ಲಿ ಕ್ಯಾರಿ ಬಕ್ ಎಂಬ ವರ್ಜೀನಿಯಾದ ಬಡ ತರುಣಿಗೆ ಬಲಾತ್ಕಾರವಾಗಿ ಸಂತಾನಹರಣ ಚಿಕಿತ್ಸೆ ಮಾಡಬಹುದೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ಎಂಟಕ್ಕೊಂದರ ಬಹುಮತದಿಂದ ತೀರ್ಪಿತ್ತುದನ್ನು ಓದಿದಾಗ ಆ ನಗು ಹೆಪ್ಪುಗಟ್ಟುತ್ತದೆ. ಇಂಥ ಕಾನೂನುಗಳಿಗೆ ಅಮೆರಿಕದಲ್ಲಿ ಒಟ್ಟು ೬೦,೦೦೦ಕ್ಕೂ ಹೆಚ್ಚು ಜನ ಬಲಿಯಾದರು. ಜರ್ಮನಿಯ ೧೯೩೩ರ ಕಾನೂನು ಇದೇ ದಾರಿಯಲ್ಲಿ ಇನ್ನೂ ಮುಂದೆ ನಡೆಯಿತು.

ವಿರುದ್ಧ ದಿಕ್ಕಿನ ಅತಿರೇಕವನ್ನೂ ಮರೆಯತಕ್ಕದ್ದಲ್ಲ. ಸೋವಿಯತ್ ರಷ್ಯದಲ್ಲಿ ಲೈಸೆಂಕೋ ಜೀನೆಂಬುದೇ ಸುಳ್ಳೆಂದನು. ೧೯೪೮ರಲ್ಲಿ ಅದೇ ಸರಕಾರಿ ಸಿದ್ಧಾಂತವಾಯಿತು. ಜಗತ್ತಿನ ಮೂಲೆಮೂಲೆಗಳಿಂದ ಬೆಳೆಗಳ ಬೀಜಗಳನ್ನು ಕೂಡಿಸಿಟ್ಟ ವವೀಲೊವ್ ೧೯೪೩ರ ಜನವರಿಯಲ್ಲಿ ಸರಾಟೊವ್ ಸೆರೆಮನೆಯಲ್ಲಿ ಸತ್ತನು. ಜೀನೇ ಸರ್ವಸ್ವವೆಂದವರೂ ಜೀನೇ ಇಲ್ಲವೆಂದವರೂ ಮಾಡಿದ ತಪ್ಪು ಒಂದೇ: ಪ್ರಯೋಗ ಹೇಳುವುದಕ್ಕೆ ಮೊದಲೇ ಪದಕ್ಕೆ ಅರ್ಥವನ್ನು ತುಂಬಿದ್ದು.

೫

ಜೀನಿನ ವಸ್ತುರೂಪ ತಿಳಿದುಬಂದ ಕಥೆಯಲ್ಲಿ ಮೂರು ಬರವಣಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು ಉಪಯುಕ್ತ.

ಮೊದಲನೆಯದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಏವರಿ, ಮೆಕ್ಲಿಯಾಡ್, ಮೆಕಾರ್ಟಿ ಎಂಬ ಮೂವರು ೧೯೪೪ರಲ್ಲಿ ಪ್ರಕಟಿಸಿದ ಪ್ರಬಂಧ. ನ್ಯುಮೋನಿಯದ ಒಂದು ಬಗೆಯ ರೋಗಾಣುವನ್ನು ಇನ್ನೊಂದು ಬಗೆಯದನ್ನಾಗಿ ಶಾಶ್ವತವಾಗಿ ಮಾರ್ಪಡಿಸುವ ವಸ್ತು ಯಾವುದೆಂದು ಹುಡುಕಿ, ಅದು ಡಿ.ಎನ್.ಎ. ಎಂದು ಅವರು ತೋರಿಸಿದರು. ೧೮೬೯ರಲ್ಲಿಯೇ ಮೀಷರನು ಗಾಯದ ಪಟ್ಟಿಗಳಲ್ಲಿದ್ದ ಕೀವಿನ ಕೋಶಗಳಿಂದ ಬೇರ್ಪಡಿಸಿದ್ದ ‘ನ್ಯೂಕ್ಲೀನ್’ನ ಸಾರಭಾಗವೇ ಈ ಡಿ.ಎನ್.ಎ. ಇಷ್ಟು ದೊಡ್ಡ ಮಾತನ್ನು ಹೇಳುವಾಗಲೂ ಏವರಿಯ ಧ್ವನಿ ತಗ್ಗಿದ್ದೇ. ಬೇರೆ ಯಾವುದಾದರೂ ವಸ್ತು ಅತ್ಯಲ್ಪ ಪ್ರಮಾಣದಲ್ಲಿ ಸೇರಿಕೊಂಡು ಈ ಕೆಲಸ ಮಾಡಿರಬಹುದೆಂಬ ಶಂಕೆಗೂ ಆ ಪ್ರಬಂಧದಲ್ಲಿ ಸ್ಥಳವಿದೆ. ಏವರಿಗೆ ನೊಬೆಲ್ ಪಾರಿತೋಷಕ ದೊರೆಯಲಿಲ್ಲ.

ಎರಡನೆಯದು ಭೌತವಿಜ್ಞಾನಿ ಶ್ರೋಡಿಂಗರನು ಡಬ್ಲಿನ್ ನಗರದಲ್ಲಿ ೧೯೪೩ರಲ್ಲಿ ಮಾಡಿದ ಉಪನ್ಯಾಸಗಳ ಪುಸ್ತಕ, ‘ವಾಟ್ ಈಸ್ ಲೈಫ್?’. ಅದೂ ೧೯೪೪ರಲ್ಲಿಯೇ ಹೊರಬಂದಿತು. ಬೀಜದೊಳಗೆ ಒಂದು ಸಂಕೇತಲಿಪಿ ಇದೆಯೆಂಬ ರೂಪಕವನ್ನು ಅದು ಪ್ರಚಾರಕ್ಕೆ ತಂದಿತು. ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರೂ ಆ ಪುಸ್ತಕದ ಋಣವನ್ನು ಒಪ್ಪಿಕೊಂಡಿದ್ದಾರೆ. ಒಂದು ರೂಪಕ ಒಂದು ಪೀಳಿಗೆಯ ಬುದ್ಧಿವಂತರನ್ನು ಹೊಸ ದಾರಿಗೆ ಹಚ್ಚಿದ ಉದಾಹರಣೆ ಇದಕ್ಕಿಂತ ಮೇಲಾದುದು ವಿರಳ. ಆದರೆ ದೋಷವೂ ಅಲ್ಲಿಯೇ ಇದೆ. ಆ ಲಿಪಿ ಮನೆಯ ನಕ್ಷೆಯೂ ಹೌದು, ಮನೆ ಕಟ್ಟುವ ಮೇಸ್ತ್ರಿಯೂ ಹೌದೆಂದು ಶ್ರೋಡಿಂಗರನು ಭಾವಿಸಿದನು. ವಾಸ್ತವದಲ್ಲಿ ಬರಿಯ ಡಿ.ಎನ್.ಎ. ಏನನ್ನೂ ಕಟ್ಟಲಾರದು, ಅದನ್ನು ಓದುವ, ನಕಲಿಸುವ, ತಿದ್ದುವ ಇಡಿಯ ಜೀವಕೋಶ ಬೇಕು. ಓದುವವರಿಲ್ಲದ ಓಲೆಗರಿ ಬರಿಯ ಗರಿ.

ಮೂರನೆಯದು ವಾಟ್ಸನನು ೧೯೬೮ರಲ್ಲಿ ಪ್ರಕಟಿಸಿದ ‘ದಿ ಡಬಲ್ ಹೀಲಿಕ್ಸ್’. ಕಥನಕಲೆಯ ದೃಷ್ಟಿಯಿಂದ ಇದು ಮೂರರಲ್ಲಿ ಅತ್ಯಂತ ಸಮರ್ಥವಾದುದು, ನೀತಿಯ ದೃಷ್ಟಿಯಿಂದ ಅತ್ಯಂತ ದುರ್ಬಲವಾದುದು. ವಿಜ್ಞಾನಿಗಳೂ ಹಸಿವು, ಅಸೂಯೆ, ಆತುರಗಳುಳ್ಳ ಮನುಷ್ಯರೆಂದು ತೋರಿಸಿದ್ದು ಅದರ ಹೆಗ್ಗಳಿಕೆ. ಆದರೆ ಓಟದ ಕಥೆಗೆ ಗೆಲ್ಲುವವನೊಬ್ಬನಿದ್ದರೆ ಸಾಲದು, ಅಡ್ಡ ನಿಲ್ಲುವವರೂ ಬೇಕು. ಆ ಪಾತ್ರಕ್ಕೆ ವಾಟ್ಸನನು ರೋಸಲಿಂಡ್ ಫ್ರಾಂಕ್ಲಿನ್‌ಳನ್ನು ಹಿಡಿದು ತಂದನು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಆಕೆಯ ಮೇಲ್ವಿಚಾರಣೆಯಲ್ಲಿ ಗಾಸ್ಲಿಂಗನು ೧೯೫೨ರ ಮೇ ತಿಂಗಳಲ್ಲಿ ತೆಗೆದ ಕ್ಷ-ಕಿರಣ ಚಿತ್ರವನ್ನು ಮರುವರ್ಷ ಜನವರಿಯಲ್ಲಿ ವಿಲ್ಕಿನ್ಸನು ಆಕೆಗೆ ತಿಳಿಯದಂತೆ ವಾಟ್ಸನನಿಗೆ ತೋರಿಸಿದನು. ಆಕೆಯ ಅಳತೆಗಳಿದ್ದ ವರದಿಯೊಂದು ಪೆರುಟ್ಸನ ಮೂಲಕ ಕ್ರಿಕ್ಕನ ಕೈಸೇರಿತು. ೧೯೫೩ರ ಏಪ್ರಿಲ್ ೨೫ರ ‘ನೇಚರ್’ ಪತ್ರಿಕೆಯಲ್ಲಿ ಮೂರು ಪ್ರಬಂಧಗಳು ಒಟ್ಟಿಗೆ ಬಂದುವು. ಮೂರನೆಯದು ಫ್ರಾಂಕ್ಲಿನ್ ಮತ್ತು ಗಾಸ್ಲಿಂಗರದು. ಐದು ವರ್ಷಗಳ ತರುವಾಯ, ೩೭ನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. ಪುಸ್ತಕ ಬಂದಾಗ ಉತ್ತರ ಹೇಳಲು ಆಕೆ ಇರಲಿಲ್ಲ. ‘ರೋಸಿ’ ಎಂಬ ಅಡ್ಡಹೆಸರು, ಉಡುಪಿನ ಟೀಕೆ, ಸಿಡುಕಿನ ವರ್ಣನೆ ಇವು ಪುಸ್ತಕದ ಉದ್ದಕ್ಕೂ ಬರುತ್ತವೆ. ಪಶ್ಚಾತ್ತಾಪದ ನಾಲ್ಕು ಮಾತು ಉಪಸಂಹಾರದಲ್ಲಿ ಬರುತ್ತದೆ. ಇಡೀ ಪುಸ್ತಕದಲ್ಲಿ ಕೆಡಿಸಿದ ಚಿತ್ರವನ್ನು ಕೊನೆಯ ಪುಟ ಸರಿಪಡಿಸಲಾರದು.

ಆದರೆ ಇಲ್ಲಿಯೂ ಎಚ್ಚರ ಅಗತ್ಯ. ೧೯೭೫ರಲ್ಲಿ ಗೆಳತಿ ಆನ್ ಸೇರ್ ಬರೆದ ಪ್ರತಿವಾದದ ಗ್ರಂಥದಿಂದ ಮೊದಲ್ಗೊಂಡು ಇನ್ನೊಂದು ಕಥೆ ಬೆಳೆಯಿತು; ಅದರಲ್ಲಿ ಫ್ರಾಂಕ್ಲಿನ್ ಕೇವಲ ವಂಚಿತೆ, ಒಂದು ಚಿತ್ರವನ್ನು ಕಳೆದುಕೊಂಡ ಅಬಲೆ. ಇದೂ ಆಕೆಗೆ ನ್ಯಾಯವಲ್ಲ. ೧೯೫೩ರ ಫೆಬ್ರವರಿಯ ಹೊತ್ತಿಗೆ ಡಿ.ಎನ್.ಎ. ಎರಡು ಎಳೆಗಳ ಸುರುಳಿಯೆಂಬ ನಿರ್ಣಯಕ್ಕೆ ಆಕೆ ತಾನೇ ಬಂದಿದ್ದಳೆಂಬುದು ಆಕೆಯ ಟಿಪ್ಪಣಿ ಪುಸ್ತಕಗಳಿಂದ ತಿಳಿಯುತ್ತದೆ. ಆಕೆ ನಾಲ್ವರಲ್ಲಿ ಸಮಾನಳಾಗಿ ದುಡಿದವಳೆಂದು ೨೦೨೩ರಲ್ಲಿ ಮ್ಯಾಥ್ಯೂ ಕಾಬ್ ಮತ್ತು ನಥಾನಿಯಲ್ ಕಂಫರ್ಟ್ ವಾದಿಸಿದ್ದಾರೆ. ಖಳಳನ್ನು ಅಬಲೆಯನ್ನಾಗಿ ಮಾಡುವುದಕ್ಕಿಂತ ವಿಜ್ಞಾನಿಯನ್ನು ವಿಜ್ಞಾನಿಯಾಗಿ ಕಾಣುವುದು ಹೆಚ್ಚಿನ ಗೌರವ.

೬

೧೯೫೩ರ ನಂತರದ ಕಥೆಯನ್ನು ಜಯಯಾತ್ರೆಯೆಂದೇ ಹೇಳುವುದು ವಾಡಿಕೆ. ೧೯೬೧ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯಿ ಸಂಕೇತದ ಮೊದಲ ಪದವನ್ನು ಓದಿದರು. ೧೯೬೬ರ ಹೊತ್ತಿಗೆ ೬೪ ತ್ರ್ಯಕ್ಷರಗಳ ಅರ್ಥವೂ ಗೊತ್ತಾಯಿತು. ಈ ಕಾರ್ಯದಲ್ಲಿ ಪಂಜಾಬಿನ ರಾಯಪುರ ಗ್ರಾಮದಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಅವರ ಪಾಲು ದೊಡ್ಡದು. ೧೯೬೮ರ ನೊಬೆಲ್ ಪಾರಿತೋಷಕವನ್ನು ಅವರು ಹಂಚಿಕೊಂಡರು. ಜೀನೆಂದರೆ ಏನೆಂಬುದು ಕಟ್ಟಕಡೆಗೆ ತಿಳಿಯಿತೆಂದು ಎಲ್ಲರೂ ನಂಬಿದ ಗಳಿಗೆಯಿದು.

ಆ ಗಳಿಗೆ ಬಹುಕಾಲ ನಿಲ್ಲಲಿಲ್ಲ. ೧೯೭೭ರಲ್ಲಿ ಜೀನುಗಳು ಅಖಂಡವಲ್ಲ, ನಡುನಡುವೆ ಕತ್ತರಿಸಿ ತೆಗೆಯತಕ್ಕ ಭಾಗಗಳಿವೆಯೆಂಬುದು ಬಯಲಾಯಿತು. ಮೆಕ್ಕೆಜೋಳದ ತೆನೆಯನ್ನು ಅಭ್ಯಸಿಸಿದ ಬಾರ್ಬರಾ ಮೆಕ್ಲಿಂಟಾಕ್ ೧೯೫೧ರಲ್ಲಿಯೇ ವರ್ಣತಂತುವಿನ ಕೆಲವು ತುಣುಕುಗಳು ಸ್ಥಳದಿಂದ ಸ್ಥಳಕ್ಕೆ ನೆಗೆಯುತ್ತವೆಂದು ಹೇಳಿದ್ದಳು. ಆ ಮಾತಿಗೆ ನೊಬೆಲ್ ಮನ್ನಣೆ ದೊರೆತುದು ೧೯೮೩ರಲ್ಲಿ. ಮಾನವನಲ್ಲಿ ಲಕ್ಷ ಜೀನುಗಳಿರಬಹುದೆಂದು ಎಣಿಸಿದ್ದವರು ಈ ಶತಮಾನದ ಪ್ರಾರಂಭದಲ್ಲಿ ಸುಮಾರು ೨೦,೦೦೦ ಸಸಾರಜನಕ ಜೀನುಗಳನ್ನು ಮಾತ್ರ ಕಂಡು ಬೆರಗಾದರು; ಬತ್ತದ ಗಿಡದಲ್ಲಿ ಅದಕ್ಕಿಂತ ಹೆಚ್ಚಿವೆ. ಮನುಷ್ಯನ ಎತ್ತರವೆಂಬ ಒಂದೇ ಲಕ್ಷಣಕ್ಕೆ ಸುಮಾರು ೧೨,೦೦೦ ಸೂಕ್ಷ್ಮ ವ್ಯತ್ಯಾಸಗಳು ಸಂಬಂಧಿಸಿವೆಯೆಂದು ೨೦೨೨ರ ಅಧ್ಯಯನವೊಂದು ತೋರಿಸಿತು. ಒಂದು ಲಕ್ಷಣಕ್ಕೆ ಒಂದು ಜೀನೆಂಬ ಮಾತಿಗೆ ಇನ್ನು ನೆಲೆಯೆಲ್ಲಿ?

ಎಲ್ಲಕ್ಕಿಂತ ಮನೋಹರವಾದ ತಿದ್ದುಪಡಿ ಮೆಂಡೆಲನ ಬಟಾಣಿಗೇ ಸಂಬಂಧಿಸಿದ್ದು. ದುಂಡು–ಸುಕ್ಕುಗಳ ಜೀನು ಯಾವುದೆಂದು ೧೯೯೦ರಲ್ಲಿ ತಿಳಿದುಬಂದಿತು. ಅದು ಸುಕ್ಕಿನ ಜೀನಲ್ಲ, ದುಂಡಿನ ಜೀನೂ ಅಲ್ಲ. ಬೀಜದಲ್ಲಿ ಪಿಷ್ಟದ ಸರಪಳಿ ಕವಲೊಡೆಯುವಂತೆ ಮಾಡುವ ಒಂದು ಕಿಣ್ವವನ್ನು ತಯಾರಿಸುವುದು ಅದರ ಕೆಲಸ. ಮೆಕ್ಲಿಂಟಾಕ್ ವರ್ಣಿಸಿದಂಥ ನೆಗೆಯುವ ತುಣುಕಿನ ಜಾತಿಗೆ ಸೇರಿದ ಒಂದು ತುಣುಕು ಅದರ ನಡುವೆ ಬಂದು ಸೇರಿಕೊಂಡಾಗ ಕಿಣ್ವ ಕೆಡುತ್ತದೆ. ಪಿಷ್ಟ ಕಡಿಮೆಯಾಗಿ ಸಕ್ಕರೆ ಹೆಚ್ಚುತ್ತದೆ. ಸಕ್ಕರೆ ನೀರನ್ನು ಸೆಳೆದು ಬೀಜ ಉಬ್ಬುತ್ತದೆ. ಒಣಗಿದಾಗ ನೀರು ಹೋಗಿ ಸಿಪ್ಪೆ ಸುಕ್ಕುಗಟ್ಟುತ್ತದೆ. ಮೆಂಡೆಲನು ಎಣಿಸಿದ ೧,೮೫೦ ಸುಕ್ಕುಬೀಜಗಳ ಹಿಂದೆ ಇದ್ದುದು ಸುಕ್ಕಿನ ಆಜ್ಞೆಯಲ್ಲ, ಪಿಷ್ಟದ ಕೆಲಸಕ್ಕೆ ಬಂದ ಅಡ್ಡಿ.

೭

ಈಗ ನಮ್ಮ ಪದಕ್ಕೆ ಬರೋಣ. ‘ವಂಶವಾಹಿ’ ಎಂಬುದು ಕಿವಿಗೆ ಇಂಪಾದ, ರಚನೆಯಲ್ಲಿ ನಿರ್ದುಷ್ಟವಾದ ಪದ. ಸಂಸ್ಕೃತದಲ್ಲಿ ‘ವಂಶ’ವೆಂದರೆ ಬಿದಿರೂ ಹೌದು, ಗೆಣ್ಣಿನಿಂದ ಗೆಣ್ಣಿಗೆ ಬೆಳೆಯುವ ಆ ಚಿತ್ರ ಸೊಗಸಾಗಿಯೇ ಇದೆ. ಆದರೆ ಯೊಹಾನ್ಸೆನನು ಯಾವ ಭಾರವನ್ನು ಕತ್ತರಿಸಿ ಎಸೆದನೋ ಅದಕ್ಕಿಂತ ಹೆಚ್ಚಿನ ಭಾರವನ್ನು ನಾವು ನಮ್ಮ ಪದದ ಮೇಲೆ ಹೇರಿದ್ದೇವೆ. ನಮ್ಮ ನಾಡಿನಲ್ಲಿ ವಂಶವೆಂಬುದು ನಿರ್ಲಿಪ್ತ ಶಬ್ದವಲ್ಲ. ಕುಲ, ಗೋತ್ರ, ಜಾತಿ, ಮದುವೆಯ ಮಾತುಕತೆ ಎಲ್ಲವೂ ಅದರ ಹಿಂದೆ ಸಾಲುಗಟ್ಟಿ ನಿಂತಿವೆ. ಬೀಜ ಹೆಚ್ಚೋ ಕ್ಷೇತ್ರ ಹೆಚ್ಚೋ ಎಂಬ ಚರ್ಚೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯದಷ್ಟು ಹಳೆಯದು. ಈ ಪದವನ್ನು ಕೇಳಿದ ಕನ್ನಡ ವಿದ್ಯಾರ್ಥಿಗೆ, ಜೀನೆಂದರೆ ಹಿರಿಯರ ಗುಣಾವಗುಣಗಳನ್ನು ಹೊತ್ತು ತರುವ ಗಂಟು ಎಂದೇ ತೋರುವುದು ಸಹಜ. ಬಟಾಣಿಯ ಆ ಜೀನು ಬೀಜ ಬಲಿಯುವ ಹೊತ್ತಿನಲ್ಲಿ ಪಿಷ್ಟವನ್ನು ಕಟ್ಟುತ್ತದೆ. ಹಾಗೆಯೇ ನಮ್ಮ ಒಡಲಿನ ಜೀನುಗಳೂ ದಿನದಿನವೂ, ಕೋಶಕೋಶದಲ್ಲಿಯೂ ದುಡಿಯುತ್ತಿರುತ್ತವೆ. ವಂಶವನ್ನು ಹೊರುವುದು ಅವುಗಳ ಕಾರ್ಯದ ಒಂದು ಮುಖ ಮಾತ್ರ.

ಹಾಗೆಂದು ಬಳಕೆಗೆ ಬಂದ ಪದವನ್ನು ಕಿತ್ತೆಸೆಯಬೇಕೆಂದು ನಾನು ಹೇಳುವುದಿಲ್ಲ. ಪೀಳಿಗೆಯಿಂದ ಪೀಳಿಗೆಗೆ ಸಾಗುವ ಪ್ರಸಂಗದಲ್ಲಿ ‘ವಂಶವಾಹಿ’ ಉಚಿತವೇ. ಅದು ದೇಹದಲ್ಲಿ ಮಾಡುವ ಕೆಲಸವನ್ನು ಹೇಳುವಾಗ ‘ಜೀನು’ ಎಂದೇ ಬರೆಯುವುದು ಲೇಸು. ಕುದುರೆಯ ಬೆನ್ನಿನ ಜೀನಿನೊಡನೆ ಅದು ಗೊಂದಲವಾದೀತೆಂಬ ಭಯ ನಿರಾಧಾರ. ಸಂದರ್ಭ ಅದನ್ನು ಬಿಡಿಸುತ್ತದೆ. ಪಾರಿಭಾಷಿಕ ಪದವನ್ನು ಕಟ್ಟುವವರು ಮೂಲಪದದ ಅರ್ಥವನ್ನು ಮಾತ್ರವಲ್ಲದೆ ಅದು ಬೇಕೆಂದೇ ಬಿಟ್ಟ ಅರ್ಥವನ್ನೂ ಗಮನಿಸಬೇಕೆಂಬುದೇ ಇಲ್ಲಿನ ವಿನಂತಿ.

ಹೊರನಾಡಿನ ಕನ್ನಡಿಗರಾದ ನಮಗೆ ಈ ವಿಚಾರದಲ್ಲಿ ಇನ್ನೊಂದು ಆಸಕ್ತಿಯೂ ಇದೆ. ನಮ್ಮ ಸಭೆಗಳಲ್ಲಿ “ಕನ್ನಡ ನಮ್ಮ ರಕ್ತದಲ್ಲಿದೆ” ಎಂಬ ಮಾತು ಚಪ್ಪಾಳೆಗಳ ನಡುವೆ ಕೇಳಿಬರುವುದುಂಟು. ಮಾತಿನ ಹಿಂದಿನ ಪ್ರೀತಿ ನಿಜ, ಮಾತು ನಿಜವಲ್ಲ. ಭಾಷೆಯನ್ನು ಕಲಿಯುವ ಶಕ್ತಿ ಮನುಷ್ಯನಿಗೆ ಹುಟ್ಟಿನಿಂದ ಬಂದೀತು. ಯಾವ ಭಾಷೆಯೆಂಬುದನ್ನು ಯಾವ ಜೀನೂ ಹೊತ್ತು ತರುವುದಿಲ್ಲ. ಅದು ತೊಟ್ಟಿಲ ಬಳಿ ಆಡಿದ ಮಾತಿನಿಂದ, ಕೂರಿಸಿಕೊಂಡು ತಿದ್ದಿಸಿದ ಅಕ್ಷರದಿಂದ ಬರತಕ್ಕದ್ದು. ರಕ್ತವನ್ನು ನಂಬಿ ಕುಳಿತ ಮನೆಯಲ್ಲಿ ಒಂದೇ ತಲೆಮಾರಿಗೆ ಕನ್ನಡ ಮೌನವಾಗುತ್ತದೆಂಬುದನ್ನು ನಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ಕಂಡಿದ್ದೇವೆ. ಗಾದೆ ನೂಲನ್ನು ಹೇಳಿತು, ನೇಕಾರನನ್ನು ಹೇಳಲಿಲ್ಲ. ಒಂದೂವರೆ ಶತಮಾನದ ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಮುಖ್ಯವಾಗಿ ಆ ನೇಕಾರನ ವಿಷಯವನ್ನೇ.